ಪದಚರ್ಚೆ: ಮೀನಿಗೆ ‘ಜನಸಂಖ್ಯೆ’ ಉಂಟೇ? ಜೊತೆಗೆ ವಾಡಿಕೆ, ಓರಗೆ, ಎರೆ

ಗೆಳೆಯರೇ,

ನಾನಿರುವುದು ಅಮೆರಿಕದ ಮಿನೆಸೋಟಾ ರಾಜ್ಯದಲ್ಲಿ. ಹತ್ತು ಎಕರೆ ಮತ್ತು ಅದಕ್ಕಿಂತ ದೊಡ್ಡವನ್ನಷ್ಟೇ ಎಣಿಸಿದರೂ ಇಲ್ಲಿ 11,842 ಸರೋವರಗಳಿವೆ. ರಾಜ್ಯದ ಉತ್ತರ ಭಾಗದಲ್ಲಿರುವ ಅಂಥದೊಂದರ ದಡದಲ್ಲಿ ನಮ್ಮ ಏಳೆಂಟು ಕನ್ನಡ ಕುಟುಂಬಗಳು ಪ್ರತಿ ಬೇಸಿಗೆಯಲ್ಲಿ ಒಂದು ವಾರ ಬೀಡುಬಿಡುತ್ತವೆ. ಚಿಕ್ಕ ಸರೋವರ; ಹುಟ್ಟು ಹಾಕುತ್ತಾ ಒಂದು ಸುತ್ತು ಬರಲು ಒಂದು ಬೆಳಗ್ಗೆ ಸಾಕು. ಈ ಸಲ ಊರಿನಿಂದ ಅಜ್ಜ ಅಜ್ಜಿಯರೂ ಬರುತ್ತಿದ್ದಾರೆ. ಮೊಮ್ಮಕ್ಕಳು ಗಾಳ ಹಿಡಿದು ಕೂತಾಗ ಹಿರಿಯರಿಗೂ ಸಂಗತಿ ತಿಳಿಯಲಿ ಎಂದು, ರಾಜ್ಯದ ನೈಸರ್ಗಿಕ ಸಂಪನ್ಮೂಲ ಇಲಾಖೆ ಆ ಸರೋವರದ ಮೀನಿನ ಬಗ್ಗೆ ಬರೆದಿರುವ ವರದಿಯನ್ನು ಕನ್ನಡಕ್ಕೆ ತರುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಎರಡೇ ಪುಟ ತಾನೇ ಎಂದು ಒಪ್ಪಿಕೊಂಡೆ. ಮೂರು ವಾರವಾಯಿತು.

ಮೊದಲ ಸಾಲಿನಲ್ಲೇ ‘ಪಾಪ್ಯುಲೇಷನ್’ ಎಂಬ ಪದ. ಯಂತ್ರಾನುವಾದಕ್ಕೆ ಕೊಟ್ಟು ನೋಡಿದೆ. ‘ಸರೋವರದ ಮೀನಿನ ಜನಸಂಖ್ಯೆ ಸ್ಥಿರವಾಗಿದೆ’ ಎಂದಿತು. ಮೀನುಗಳು ಮನೆಮನೆಗೆ ಬಂದ ಗಣತಿದಾರರಿಗೆ ಬಾಗಿಲು ತೆರೆದಂತೆ ಕಂಡಿತು ನನಗೆ. ಯಂತ್ರವನ್ನು ಬೈದು ಪ್ರಯೋಜನವಿಲ್ಲ, ‘ಹುಲಿಗಳ ಜನಸಂಖ್ಯೆ’ಯನ್ನು ಮನುಷ್ಯರು ಬರೆದದ್ದನ್ನೂ ಓದಿದ್ದೇನೆ. ‘ಸಂತತಿ’ ಎನ್ನೋಣವೆಂದರೆ ಅದು ಪೀಳಿಗೆಯ ಮಾತು. ಸಂತತಿ ಉಳಿಯುತ್ತದೆ ಅಥವಾ ಅಳಿಯುತ್ತದೆ, ಹೋದ ವರ್ಷಕ್ಕಿಂತ ಸ್ವಲ್ಪ ಇಳಿಯಿತು ಎಂದರೆ ಕಿವಿಗೆ ಒಗ್ಗುವುದಿಲ್ಲ. ಉಳಿದದ್ದು ಬರಿಯ ‘ಸಂಖ್ಯೆ’. ಹತ್ತರಲ್ಲಿ ಒಂಬತ್ತು ಕಡೆ ಅದೇ ಸಾಕು. ಆದರೆ ಈ ವರದಿಯಲ್ಲಿ ಅದೂ ಸುಳ್ಳಾಗುತ್ತದೆ, ಏಕೆಂದರೆ ಇಲಾಖೆಯವರು ಮೀನುಗಳನ್ನು ಎಣಿಸಿಯೇ ಇಲ್ಲ.

ಅವರು ಮಾಡುವುದು ಇಷ್ಟು. 250 ಅಡಿ ಉದ್ದದ, ಕಿವಿರಿಗೆ ಸಿಕ್ಕಿಕೊಳ್ಳುವಂಥ ಬಲೆ. ಅದರಲ್ಲಿ ಐವತ್ತು ಅಡಿಯ ಐದು ಪಟ್ಟಿಗಳು, ಒಂದೊಂದು ಪಟ್ಟಿಯ ಕಣ್ಣು ಒಂದೊಂದು ಅಳತೆಯದು. ಸಣ್ಣ ಮೀನು ಸಣ್ಣ ಕಣ್ಣಿನಲ್ಲಿ, ದೊಡ್ಡದು ದೊಡ್ಡದರಲ್ಲಿ ಸಿಕ್ಕಿಬೀಳಲಿ ಎಂದು. ಇಂಥ ಕೆಲವು ಬಲೆಗಳನ್ನು ರಾತ್ರಿ ಇಳಿಬಿಟ್ಟು ಬೆಳಗ್ಗೆ ಎತ್ತುತ್ತಾರೆ. ಬಲೆಯೊಂದಕ್ಕೆ ಸರಾಸರಿ ಎಷ್ಟು ಮೀನು ಬಿತ್ತು ಎಂಬುದೇ ಅವರ ಅಂಕಿ. ನೀರಿನೊಳಗೆ ಒಟ್ಟು ಎಷ್ಟಿವೆ ಎಂದು ಅವರು ಹೇಳುವುದೂ ಇಲ್ಲ.

ನಾನು ಬೆಳೆದದ್ದು ತುಂಗಾ ತೀರದಲ್ಲಿ. ಹೊಳೆಯಿಂದ ಬರುವವರನ್ನು ಯಾರೂ ‘ಎಷ್ಟು ಮೀನುಗಳಿವೆ’ ಎಂದು ಕೇಳುತ್ತಿರಲಿಲ್ಲ. ‘ಮೀನು ಹೇಗೆ?’ ಎನ್ನುತ್ತಿದ್ದರು, ಏಕವಚನದಲ್ಲಿ. ‘ಚೆನ್ನಾಗಿ ಬೀಳುತ್ತಿದೆ’ ಅಥವಾ ‘ಈ ವರ್ಷ ಮೀನೇ ಇಲ್ಲ’ ಎಂಬ ಉತ್ತರ. ಈ ‘ಬೀಳು’ ಎಂಬ ಕ್ರಿಯಾಪದ ಇಲಾಖೆಯ ಅಂಕಿಗೆ ಅಳತೆ ತೆಗೆದು ಹೊಲಿದಂತಿದೆ. ಹಾಗಾಗಿ ‘ಬಲೆಗೆ ಬಿದ್ದ ಮೀನು’ ಎಂದೇ ಬರೆದಿದ್ದೇನೆ. ಶೀರ್ಷಿಕೆಯಲ್ಲಿ ಮಾತ್ರ ಸಿಕ್ಕಿಕೊಂಡಿದ್ದೇನೆ: ‘ಮೀನಿನ ಇರುವಿಕೆ’ ಎಂದರೆ ತತ್ತ್ವಶಾಸ್ತ್ರವಾಗುತ್ತದೆ, ‘ಮತ್ಸ್ಯಸಂಪತ್ತು’ ಎಂದರೆ ಸರ್ಕಾರಿ ಯೋಜನೆಯಾಗುತ್ತದೆ. ‘ಸರೋವರದ ಮೀನು’ ಎಂದಷ್ಟೇ ಬಿಟ್ಟರೆ ಸಾಲದೇ?

ಎರಡನೆಯದರಲ್ಲಿ ಸ್ವಲ್ಪ ಗೆದ್ದೆ ಅನ್ನಿಸಿದೆ. ಬಲೆಗೆ ಬಿದ್ದ ಮೀನನ್ನು ಅವರು ಅದೇ ಬಗೆಯ ಬೇರೆ ಸರೋವರಗಳ ಜೊತೆ ಹೋಲಿಸುತ್ತಾರೆ. ಆ ಸರೋವರಗಳ ಅಂಕಿಗಳನ್ನು ಸಾಲಾಗಿ ಇಟ್ಟು, ಕೆಳಗಿನ ಕಾಲು ಭಾಗವನ್ನೂ ಮೇಲಿನ ಕಾಲು ಭಾಗವನ್ನೂ ಬಿಟ್ಟು, ನಡುವಿನ ಅರ್ಧವನ್ನು ‘ನಾರ್ಮಲ್’ ಎನ್ನುತ್ತಾರೆ. ಮೊದಲು ‘ಸಾಮಾನ್ಯ ವ್ಯಾಪ್ತಿ’ ಎಂದು ಬರೆದು ಎರಡು ದಿನ ಅದನ್ನು ನೋಡಲಾಗದೆ ಒದ್ದಾಡಿದೆ. ಆಮೇಲೆ ಊರಿನ ಪತ್ರಿಕೆಯಲ್ಲಿ ‘ವಾಡಿಕೆಗಿಂತ ಹೆಚ್ಚು ಮಳೆ’ ಎಂಬ ತಲೆಬರಹ ಕಂಡಿತು. ಅಲ್ಲೇ ಇದೆಯಲ್ಲ! ‘ಈ ಸರೋವರದಲ್ಲಿ ಪರ್ಚ್ ವಾಡಿಕೆಗಿಂತ ಕಡಿಮೆ, ಪೈಕ್ ವಾಡಿಕೆಗಿಂತ ಹೆಚ್ಚು.’ ನಮ್ಮ ಅಜ್ಜಂದಿರು ಮಳೆಯ ಲೆಕ್ಕದಲ್ಲಿ ಪಳಗಿದವರು, ಟಿಪ್ಪಣಿ ಬೇಕಿಲ್ಲ. ಮಳೆಯ ವಾಡಿಕೆ ಒಂದೇ ಸ್ಥಳದ ಹಲವು ವರ್ಷಗಳದು, ಮೀನಿನ ವಾಡಿಕೆ ಹಲವು ಸರೋವರಗಳದು ಎಂಬ ವ್ಯತ್ಯಾಸ ಇದೆ, ನಿಜ. ಆ ತಕರಾರು ಎತ್ತುವವರು ಈ ಬಳಗದಲ್ಲಿ ಇದ್ದೇ ಇರುತ್ತಾರೆ ಎಂದು ನಾನೇ ಮೊದಲು ಹೇಳಿಬಿಡುತ್ತಿದ್ದೇನೆ.

ಮೂರನೆಯದು ಇದಕ್ಕಿಂತ ಚೆಂದ. ಒಂದೇ ವಸಂತದಲ್ಲಿ ಮೊಟ್ಟೆಯೊಡೆದ ಮೀನುಗಳೆಲ್ಲ ಸೇರಿ ಅವರಿಗೆ ಒಂದು ವರ್ಷದ ಗುಂಪು. ಕೆಲವು ವರ್ಷ ಮರಿಗಳು ಹೇರಳವಾಗಿ ಬದುಕುತ್ತವೆ, ಕೆಲವು ವರ್ಷ ಬಹುಪಾಲು ಮಣ್ಣುಪಾಲು. ಒಳ್ಳೆಯ ವರ್ಷದ ಗುಂಪೊಂದು ಮುಂದಿನ ನಾಲ್ಕೈದು ವರ್ಷಗಳ ಗಾಳಗಾರರ ಬುಟ್ಟಿ ತುಂಬಿಸುತ್ತದೆ. ‘ವರ್ಷವರ್ಗ’ ಎಂದರೆ ಶಾಲೆಯ ಹಾಜರಿ ಪುಸ್ತಕದಂತಿದೆ. ನಮ್ಮಲ್ಲಿ ‘ಓರಗೆ’ ಇದೆಯಲ್ಲ; ಉತ್ತರ ಕರ್ನಾಟಕದವರು ‘ವಾರಿಗೆ’ ಎನ್ನುವುದು. ‘ಅವನು ನನ್ನ ಓರಗೆಯವನು.’ ‘2018ರ ಓರಗೆ ದಂಡಿಯಾಗಿದೆ, ಆಮೇಲಿನ ಎರಡು ಓರಗೆಗಳು ತೆಳು’ ಎಂದು ಬರೆದರೆ ನಿಮಗೆ ಅರ್ಥವಾಗುತ್ತದೆಯೇ, ಅಥವಾ ಓರಗೆ ಮನುಷ್ಯರಿಗೇ ಮೀಸಲು ಎನ್ನುತ್ತೀರೋ? ಹಾಗೆಂದರೆ, ಜನಸಂಖ್ಯೆಯನ್ನು ಬೇಡವೆಂದ ನಾನೇ ಓರಗೆಯನ್ನು ಕೊಟ್ಟೆ ಎಂಬ ಆಕ್ಷೇಪಕ್ಕೆ ಉತ್ತರ ಕೊಡಬೇಕಾಗುತ್ತದೆ. ನನ್ನ ಉತ್ತರ ಇದು: ಜನಸಂಖ್ಯೆಯಲ್ಲಿ ‘ಜನ’ ಎದ್ದು ಕಾಣುತ್ತಾರೆ, ಓರಗೆಯಲ್ಲಿ ಕಾಣುವುದು ವಯಸ್ಸು ಮಾತ್ರ. ಒಂದೇ ಓರಗೆಯ ಕರುಗಳು ಎಂದರೆ ನನ್ನ ಕಿವಿಗೇನೂ ಕುಟುಕುವುದಿಲ್ಲ.

ವಯಸ್ಸು ಹೇಗೆ ತಿಳಿಯುತ್ತದೆ ಎಂದು ಕೇಳುತ್ತೀರಿ. ಮೀನಿನ ತಲೆಯೊಳಗೆ, ಒಳಕಿವಿಯಲ್ಲಿ, ಅಕ್ಕಿಕಾಳಿನಂಥ ಬಿಳಿಯ ಕಲ್ಲುಗಳಿರುತ್ತವೆ. ಮುರಿದು ಮಸೂರದಡಿ ಇಟ್ಟರೆ ಮರದ ಕಾಂಡದಲ್ಲಿರುವಂತೆ ವರ್ಷಕ್ಕೊಂದು ಉಂಗುರ. ಚಳಿಗಾಲದಲ್ಲಿ ಬೆಳವಣಿಗೆ ನಿಧಾನವಾದ ಗುರುತು. ಇದಕ್ಕೆ ‘ಕಿವಿಗಲ್ಲು’ ಎಂದಿದ್ದೇನೆ, ಚರ್ಚೆ ಬೇಡ.

ಇನ್ನು ಮೀನುಗಳ ಹೆಸರು. ಪರ್ಚ್, ಪೈಕ್ ಹಾಗೆಯೇ ಇರಲಿ. ಕಾಟ್ಲಾ, ರೋಹು ಬಂದು ನಮ್ಮವಾಗಲಿಲ್ಲವೇ? ಕಾರ್ಪಿಗೆ ಮಾತ್ರ ‘ಗೆಂಡೆ’ ಉಂಟು, ಅದನ್ನು ಬಿಡಲಾರೆ. ತೊಡಕು ಇರುವುದು ‘ವಾಲ್‌ಐ’ ಎಂಬ ಮೀನಿನಲ್ಲಿ. 1965ರಿಂದ ಇದು ಮಿನೆಸೋಟಾದ ರಾಜ್ಯಮೀನು. ಮೇ ತಿಂಗಳಲ್ಲಿ ಇದನ್ನು ಹಿಡಿಯುವ ಋತು ತೆರೆಯುವ ಶನಿವಾರ ಇಲ್ಲಿನವರಿಗೆ ಹಬ್ಬ. ನಮ್ಮ ಹುಡುಗನೊಬ್ಬ ಇದನ್ನು ‘ಗೋಡೆಗಣ್ಣು’ ಎಂದು ಕನ್ನಡಿಸಿ ನಗಿಸಿದ. ಆದರೆ ಆ ‘ವಾಲ್’ ಗೋಡೆಯಲ್ಲ. ಹಳೆಯ ನಾರ್ಸ್ ಭಾಷೆಯಿಂದ ಬಂದ, ಕಣ್ಣಿನ ಮೇಲಿನ ಪೊರೆಗೆ ಸಂಬಂಧಿಸಿದ ಪದ. ಇಂಗ್ಲಿಷಿನಲ್ಲಿ ಹೊರಮುಖವಾದ ಮೆಳ್ಳೆಗಣ್ಣಿಗೂ ಅದೇ ಪದ ಬಳಕೆಯಾಗುವುದರಿಂದ ‘ಮೆಳ್ಳೆಗಣ್ಣಿನ ಮೀನು’ ಎಂದು ಬರೆಯುವ ಅಪಾಯವೂ ಇದೆ. ಹಾಗಾದರೆ ‘ಪೊರೆಗಣ್ಣ’ ಎನ್ನೋಣವೇ? ಮೊದಲ ಸಲ ನಾನು ಇದನ್ನು ಎಳೆದದ್ದು ಮುಸ್ಸಂಜೆ ಕಳೆದ ಮೇಲೆ. ದೋಣಿಯ ಅಂಚಿಗೆ ಬಂದಾಗ ಟಾರ್ಚ್ ಬಿಟ್ಟೆ. ನೀರಿನೊಳಗೆ ಎರಡು ಬೆಳ್ಳಿಕಾಸು ಹೊತ್ತಿಕೊಂಡವು, ಕೊಟ್ಟಿಗೆಯ ಕತ್ತಲಲ್ಲಿ ಹಸುವಿನ ಕಣ್ಣು ಹೊಳೆದ ಹಾಗೆ. ಕಣ್ಣಿನ ಹಿಂಬದಿಯ ಪದರವೊಂದು ಬೆಳಕನ್ನು ಮರಳಿಸುವುದರಿಂದ ಹೀಗೆ. ಇದೇ ಕಾರಣಕ್ಕೆ ಮಬ್ಬುಬೆಳಕಿನಲ್ಲಿ, ಬೇಟೆಗೆ ಕಾಣದಿದ್ದಾಗಲೂ ಇದಕ್ಕೆ ಕಾಣುತ್ತದೆ. ಇಷ್ಟು ಚೂಪು ಕಣ್ಣಿನದಕ್ಕೆ ಪೊರೆ ಬಂದಿದೆ ಎನ್ನಲು ನನಗೆ ಮನಸ್ಸಿಲ್ಲ. ‘ವಾಲ್‌ಐ’ ಎಂದೇ ಬರೆದು, ಒಮ್ಮೆ ‘ಹೊಳೆಗಣ್ಣಿನ ಮೀನು’ ಎಂದು ಬಿಡಿಸಿ ಹೇಳಿದ್ದೇನೆ. ‘ಹೊಳೆ’ಯ ಎರಡೂ ಅರ್ಥ ತಾನಾಗಿ ಕೂಡಿತು, ಸರೋವರದ ಮೀನಿಗೆ ಹೊಳೆ ಎಲ್ಲಿಂದ ಬಂತು ಎಂದು ದಯವಿಟ್ಟು ಕೇಳಬೇಡಿ.

ಗಾಳದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹಳಗನ್ನಡದ ‘ಗಾಣ’ ಇದೇ. ಇಂದು ಎಣ್ಣೆಯ ಗಾಣ ಆ ಜಾಗವನ್ನು ಆಕ್ರಮಿಸಿದೆ. ಪತ್ರಿಕೆಗಳಲ್ಲಿ ಗಾಳ ಬೀಳುವುದು ಶಾಸಕರಿಗೆ ಮಾತ್ರ. ನನ್ನ ಪ್ರಶ್ನೆ ‘ಎರೆ’ಯದು. ಗಾಳದ ತುದಿಗೆ ಚುಚ್ಚುವುದು ಎರೆ. ತಮಿಳಿನ ‘ಇರೈ’, ಮಲಯಾಳದ ‘ಇರ’ ಇದರ ಒಡಹುಟ್ಟುಗಳು: ಬೇಟೆ, ಹಕ್ಕಿಯ ಆಹಾರ, ಗಾಳದ ತಿನಿಸು. ಎರೆಹುಳು ಎಂದರೆ ಎರೆಯಾಗುವ ಹುಳು ಎಂದು ನಾನು ತಿಳಿದಿದ್ದೇನೆ. ನನ್ನ ಸ್ನೇಹಿತರೊಬ್ಬರು ಎರೆಮಣ್ಣಿನ ಹುಳು ಎಂದು ವಾದಿಸುತ್ತಾರೆ. ಮಲೆನಾಡಿನ ಕೆಂಪು ಮಣ್ಣಿನಲ್ಲೂ ಅದು ಎರೆಹುಳುವೇ ತಾನೇ? ಹುಳುವಿನ ಸಂಬಂಧ ಎಷ್ಟು ಗಟ್ಟಿಯಾಗಿದೆಯೆಂದರೆ, ಈಗ ಬರಿಯ ‘ಎರೆ’ ಎಂದರೂ ಜನ ಹುಳುವನ್ನೇ ನೆನೆಯುತ್ತಾರೆ. ಆದರೆ ಕಾವೇರಿಯ ಭೀಮೇಶ್ವರಿ, ಗಾಲಿಬೋರೆಗಳಲ್ಲಿ ಮಹಶೀರ್ ಮೀನಿಗೆ ಗಾಳ ಹಾಕುತ್ತಿದ್ದಾಗ ಕೊಕ್ಕೆಗೆ ಮೆತ್ತುತ್ತಿದ್ದುದು ರಾಗಿಮುದ್ದೆ. ಅದೂ ಎರೆಯೇ. ಇಲ್ಲಿ ವಾಲ್‌ಐಗೆ ಜಿಗಣೆ. ಅಂಗಡಿಯಲ್ಲಿ ಡಜನ್ ಲೆಕ್ಕದಲ್ಲಿ, ನೀರು ತುಂಬಿದ ಡಬ್ಬಿಯಲ್ಲಿ, ಫ್ರಿಜ್‌ನಿಂದ ತೆಗೆದುಕೊಡುತ್ತಾರೆ. ಇಂಬಳಕ್ಕೆ ಸುಣ್ಣ ಹಚ್ಚಿ ಓಡಾಡಿದ ಕಾಲು ನನ್ನದು. ಅದರ ದಾಯಾದಿಗೆ ದುಡ್ಡು ಕೊಡುವಾಗ ಕೈ ಸ್ವಲ್ಪ ನಡುಗಿತು. (ಇಂಬಳ ಕಾಡಿನದು, ಜಿಗಣೆ ನೀರಿನದು. ಬಯಲುಸೀಮೆಯವರು ಎರಡನ್ನೂ ಒಂದೇ ಮಾಡುತ್ತಾರೆ, ಕ್ಷಮಿಸಿದ್ದೇನೆ.)

ಎರೆಹುಳುವಿನ ಬಗ್ಗೆ ವರದಿಯಲ್ಲಿ ಒಂದು ಎಚ್ಚರಿಕೆ ಇದೆ: ಉಳಿದದ್ದನ್ನು ದಡದಲ್ಲಿ ಚೆಲ್ಲಬೇಡಿ, ಕಸದ ತೊಟ್ಟಿಗೆ ಹಾಕಿ. ಹಿಮಯುಗದಲ್ಲಿ ಹಿಮನದಿಗಳ ಅಡಿಯಿದ್ದ ಈ ನೆಲದಲ್ಲಿ ಸ್ವಂತ ಎರೆಹುಳುಗಳಿಲ್ಲ. ಈಗ ಇರುವುದೆಲ್ಲ ಹೊರಗಿನಿಂದ ಬಂದದ್ದು, ಅವು ಕಾಡಿನ ನೆಲಹೊದಿಕೆಯನ್ನು ತಿಂದು ಹಾಳುಮಾಡುತ್ತಿವೆ. ‘ರೈತನ ಮಿತ್ರ’ ಎಂದು ಪಾಠ ಓದಿದ ಅಜ್ಜನಿಗೆ ಈ ಸಾಲನ್ನು ಯಾವ ಮುಖ ಹೊತ್ತು ಓದಿಸಲಿ?

ಸರೋವರಕ್ಕೆ ಮರಿ ಬಿಡುವುದಕ್ಕೆ ನಮ್ಮ ಮೀನುಗಾರಿಕೆ ಇಲಾಖೆಯ ‘ಮೀನುಮರಿ ಬಿತ್ತನೆ’ ಸಿದ್ಧವಾಗಿದೆ, ಪತ್ರಿಕೆಯಲ್ಲೂ ಸವೆದ ಪದ. ತೆಗೆದುಕೊಂಡೆ. ಆದರೆ ಬಿತ್ತನೆಯ ಬೆನ್ನಿಗೆ ‘ಇಳುವರಿ’ಯೂ ಬರುತ್ತದೆ, ಅದನ್ನು ಬಾಗಿಲಲ್ಲೇ ತಡೆದಿದ್ದೇನೆ. ನಮ್ಮ ಕೆರೆಯಲ್ಲಿ ಗೆಂಡೆಮರಿ ಬಿತ್ತಿದವರು ಅದನ್ನು ಕೊಯ್ಯುತ್ತಾರೆ, ಗುತ್ತಿಗೆ ಇರುತ್ತದೆ. ಈ ಸರೋವರದ ಪೈಕ್, ಪರ್ಚ್ ಯಾರೂ ಬಿತ್ತದೆ ತಾವೇ ಮೊಟ್ಟೆಯಿಟ್ಟು ಬೆಳೆದವು. ಇಳುವರಿ ಎಂದರೆ ಓದುವವರ ಕಣ್ಣಿಗೆ ಗದ್ದೆ ಬರುತ್ತದೆ.

ಬಿಸಿಲು ನಾಡಿನ ಭಾಷೆಯಾಗಿ ಕನ್ನಡ ನಿಜಕ್ಕೂ ತಡವರಿಸಿದ್ದು ಚಳಿಗಾಲದ ಪ್ಯಾರಾದಲ್ಲಿ. ಆಳವಿಲ್ಲದ ಸರೋವರಗಳಲ್ಲಿ ಕೆಲವು ವರ್ಷ ಮೀನುಗಳು ರಾಶಿರಾಶಿಯಾಗಿ ಸಾಯುತ್ತವೆ. ನೀರಿನ ಮೇಲೆ ಗಟ್ಟಿಕಟ್ಟಿದ ಪದರದ ಮೂಲಕ ಬಿಸಿಲು ಒಳಗೆ ಇಳಿದರೆ ಗಿಡಪಾಚಿಗಳು ಒಂದಿಷ್ಟು ಆಮ್ಲಜನಕ ಕೊಡುತ್ತಿರುತ್ತವೆ. ಮೇಲೆ ಬಿದ್ದ ದಪ್ಪ ಹಿಮ ಬೆಳಕನ್ನು ಮುಚ್ಚಿದರೆ ಗಿಡಗಳು ಕೊಳೆತು, ಇದ್ದ ಆಮ್ಲಜನಕವೂ ಮುಗಿಯುತ್ತದೆ. ಇಲ್ಲಿ ಎರಡು ಪದಾರ್ಥಗಳನ್ನು ಬೇರೆಬೇರೆ ಹೇಳದಿದ್ದರೆ ಸಾಲೇ ಬಿದ್ದುಹೋಗುತ್ತದೆ. ‘ಮಂಜು’ ಎರಡಕ್ಕೂ ಸಲ್ಲುತ್ತದೆ, ಮಡಿಕೇರಿಯ ಬೆಳಗಿನದಕ್ಕೂ ಸಲ್ಲುತ್ತದೆ, ಅದನ್ನು ಹೊರಗಿಟ್ಟೆ. ಬೀಳುವುದು ಹಿಮ, ಕಟ್ಟುವುದು ಮಂಜುಗಡ್ಡೆ ಎಂದು ನಿಯಮ ಮಾಡಿಕೊಂಡಿದ್ದೇನೆ. ನಾಲ್ಕು ಅಂಗುಲ ಕಟ್ಟದೆ ಅದರ ಮೇಲೆ ಕಾಲಿಡಬೇಡಿ ಎಂಬ ಸಾಲಿನಲ್ಲಂತೂ ಗೊಂದಲಕ್ಕೆ ಎಡೆಯೇ ಇರಬಾರದು. ಆ ಸಾವಿಗೆ ‘ಚಳಿಸಾವು’ ಎಂದಿದ್ದೆ, ಆದರೆ ಅವು ಸಾಯುವುದು ಚಳಿಯಿಂದಲ್ಲ, ಉಸಿರಿಲ್ಲದೆ. ‘ಉಸಿರುಗಟ್ಟು ಸಾವು’ ಎಂದು ತಿದ್ದಿದೆ. ಇದಕ್ಕಿಂತ ಚಿಕ್ಕದು ಯಾರಿಗಾದರೂ ಹೊಳೆದರೆ ಹೇಳಿ.

ಪೈಕ್ ನಿಯಮ ಬಾಕಿಯಿದೆ. ರಾಜ್ಯದ ಉತ್ತರ-ಮಧ್ಯ ವಲಯದಲ್ಲಿ ಸಣ್ಣ ಪೈಕ್ ಕಿಕ್ಕಿರಿದು ಬೆಳೆಯದೆ ಉಳಿದಿವೆ. ಗಾಳಗಾರರು ಇವನ್ನು ಸುತ್ತಿಗೆಯ ಹಿಡಿ ಎಂದು ಹಂಗಿಸುತ್ತಾರೆ, ನಮ್ಮಲ್ಲಿ ‘ಸುತ್ತಿಗೆ ಕಾವು’ ಸರಿಹೋಯಿತು. 2018ರಿಂದ ಅಲ್ಲಿ ಒಬ್ಬರು ಹತ್ತು ಪೈಕ್ ಇಟ್ಟುಕೊಳ್ಳಬಹುದು. ಆದರೆ 22ರಿಂದ 26 ಅಂಗುಲದವನ್ನು ಕಡ್ಡಾಯವಾಗಿ ನೀರಿಗೆ ಬಿಡಬೇಕು, 26 ಅಂಗುಲ ಮೀರಿದವು ಎರಡೇ. ಸಣ್ಣದನ್ನು ತಿನ್ನಿ, ನಡುವಿನದು ದೊಡ್ಡದಾಗಲಿ ಎಂಬ ಲೆಕ್ಕ. ಈ ನಡುವಿನ ಅಳತೆಗೆ ನಾನು ಇಟ್ಟ ಹೆಸರು ‘ಬಿಡುಅಳತೆ’. ಮನೆಯಲ್ಲಿ ಓದಿ ಹೇಳಿದಾಗ, ಅಳತೆಯನ್ನೇ ಬಿಟ್ಟುಬಿಡಿ ಎಂದು ಕೇಳಿಸಿತಂತೆ. ‘ಕಾಪಿನ ಅಳತೆ’ ಹೇಗೆ?

ಕೊನೆಗೆ ಇಡೀ ವರದಿಯ ಶೀರ್ಷಿಕೆಯ ಉಳಿದರ್ಧ: ಈ ಋತುವಿನಲ್ಲಿ ಗಾಳಕ್ಕೆ ಏನು ಸಿಕ್ಕೀತು ಎಂಬ ಮುನ್ನೋಟ. ‘ಮೀನು ಹಿಡಿಯುವ ಭವಿಷ್ಯ’ ಎಂದು ಬರೆದು ಅತ್ತೆಯವರಿಗೆ ಫೋನಿನಲ್ಲಿ ಓದಿದೆ. ‘ಮೀನ ರಾಶಿಗೆ ಮಾತ್ರವೋ, ಉಳಿದವರಿಗೂ ಕೊಟ್ಟಿದ್ದಾರೋ?’ ಎಂದು ಕೇಳಿದರು. ಅಂದಿನಿಂದ ಆ ಜಾಗ ಖಾಲಿಯಿದೆ. ‘ಗಾಳಕ್ಕೆ ಬೀಳಬಹುದಾದ್ದು’ ಎಂಬುದೊಂದು ಕೈಯಲ್ಲಿದೆ, ತೂಕ ಸಾಲದು. ಋತು ತೆರೆಯುವ ಶನಿವಾರದೊಳಗೆ ಅಚ್ಚಿಗೆ ಹೋಗಬೇಕು. ಕರಾವಳಿಯವರು, ಹೊಳೆಸಾಲಿನವರು ಯಾರಾದರೂ ಮನೆಯ ಹಿರಿಯರನ್ನು ಕೇಳಿ ಬರೆದರೆ ಉಪಕಾರ. ಬಲೆ ಬೀಸಲು ಹೊರಡುವ ಮುನ್ನ ನೀರು ನೋಡಿ ‘ಇವತ್ತು ಇದೆ’ ಎಂದೋ ‘ಇಲ್ಲ’ ಎಂದೋ ಹೇಳುತ್ತಾರಲ್ಲ, ಆ ಊಹೆಗೆ ನಿಮ್ಮ ಕಡೆ ಏನನ್ನುತ್ತಾರೆ?