ಸಹಾಯ ಬೇಕು: ಬಾದಾಮಿ ಬಂಡೆ ಕೆಂಪಾಗ್ಬೇಕು, ಅಮ್ಮ ಆಗ್ಬಾರ್ದು!

ನಮಸ್ಕಾರ. ಹೋದ ವಾರ ಬಾದಾಮಿಗೆ ಹೋಗಿದ್ವಿ. ಅಗಸ್ತ್ಯ ತೀರ್ಥದ ದಂಡೆ ಮೇಲೆ, ಹಿಂದೆ ಮರಳುಗಲ್ಲಿನ ಬಂಡೆ ಬರೋ ಹಾಗೆ ಅಮ್ಮನ ಫೋಟೋ ತೆಗೆದೆ. ಮಟಮಟ ಮಧ್ಯಾಹ್ನ. ಸಂಜೆ ತನಕ ಕಾಯೋಕೆ ಅಪ್ಪ ಬಿಡ್ಬೇಕಲ್ಲ! ಕಣ್ಣಿಗೆ ಕೆಂಪಗೆ ಕಂಡ ಬಂಡೆ ಫೋಟೋದಲ್ಲಿ ಬೂದಿ ಬಳಿದ ಹಾಗಿದೆ.

ಫೋಟೋ ಎಡಿಟ್ ಮಾಡೋ ಲೈಟ್‌ರೂಮ್‌ನಲ್ಲಿ ಸ್ಯಾಚುರೇಶನ್ (ಎಲ್ಲಾ ಬಣ್ಣಗಳ ಗಾಢತೆ) ಏರಿಸಿದೆ. ಬಂಡೆಗೆ ಜೀವ ಬಂತು, ಆದ್ರೆ ಅಮ್ಮನ ಮುಖ ಅರಿಶಿನ ಮೆತ್ತಿದ ಹಾಗಾಯ್ತು, ಹಸಿರು ಸೀರೆ ರೇಡಿಯಂ ಸ್ಟಿಕ್ಕರ್ ಥರ ಹೊಳೀತಿದೆ. ಮಂಕು ಬಣ್ಣಗಳನ್ನೇ ಹೆಚ್ಚು ಎತ್ತೋ ವೈಬ್ರನ್ಸ್ ವಾಸಿ, ಮುಖ ಅಷ್ಟು ಕೆಡಿಸಲ್ಲ. ಆದ್ರೆ ಬಂಡೆಯೂ ಅಲ್ಲಾಡ್ಲಿಲ್ಲ. ಒಂದೊಂದೇ ಬಣ್ಣ ತಿದ್ದೋ ಕಲರ್ ಮಿಕ್ಸ್‌ನಲ್ಲಿ ಆರೆಂಜ್ ಒಂದನ್ನೇ ಹಿಡಿದ್ರೂ ಅದೇ ಗೋಳು, ಕಲ್ಲು ಚರ್ಮ ಎರಡೂ ಅಲ್ಲೇ ಕೂತಿವೆ. ಕೊನೆಗೆ ಎಡಿಟ್ ಬಂಡೆಗೆ ಮಾತ್ರ ತಾಗೋ ಹಾಗೆ ಮಾಸ್ಕ್ ಹಾಕಿದೆ. ಅಮ್ಮನ ಕೂದಲ ಸುತ್ತ ಕೆಂಪು ಗೆರೆ ಎದ್ದಿದೆ.

ಮಾಸ್ಕ್ ಅಂಚು ಕೂದಲ ಹತ್ರ ಮೆತ್ತಗೆ ಮಾಡೋದು ಹೇಗೆ? ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ತಕ್ಕ ಹೊಂದಾಣಿಕೆ) ಮೊದಲೇ ಸರಿ ಮಾಡ್ಕೋಬೇಕಿತ್ತಾ? ಇರೋದು ಜೆಪೆಗ್ ಮಾತ್ರ, ಕ್ಯಾಮೆರಾದ ಮೂಲ ಡೇಟಾ ಇರೋ ರಾ ಫೈಲ್ ಇಲ್ಲ. ಪ್ರಿಸೆಟ್ (ರೆಡಿಮೇಡ್ ಎಡಿಟ್ ಸೆಟ್ಟಿಂಗ್) ಕಳಿಸ್ತೀನಿ ಅನ್ನೋರು ದಯವಿಟ್ಟು ಬೇಡ, ಹತ್ತು ಹಾಕಿ ನೋಡಾಯ್ತು. 12×18 ಇಂಚಿನ ಪ್ರಿಂಟ್ ಹಾಕಿಸ್ಬೇಕು. ಎಡಿಟ್ ಮಾಡಿದ್ದು ಅಂತ ಅಮ್ಮನಿಗೆ ಗೊತ್ತಾದ್ರೆ ಗೋಡೆಗೆ ಹಾಕೋಕೆ ಬಿಡಲ್ಲ.