‘ಸ್ಪೆಲ್ಲಿಂಗ್ ಬೀ’ಗೆ ಕನ್ನಡದಲ್ಲಿ ಏನು? ಫ್ಲೆಕ್ಸ್ ನಾಳೆ ಪ್ರಿಂಟಿಗೆ

ಉಡುಪಿಯಿಂದ:
ನಮಸ್ಕಾರ. ಶನಿವಾರ ನಾಲ್ಕು, ಐದನೇ ಕ್ಲಾಸಿನ ಮಕ್ಕಳಿಗೆ ಕನ್ನಡ ಪದಗಳ ಸ್ಪರ್ಧೆ ಇದೆ. ನಾನು ‘ಪಕ್ಷಿ’ ಎಂದರೆ ಮಗು ‘ಪ, ಕಿಗೆ ಷ ಒತ್ತು’ ಎಂದು ಬಿಡಿಸಿ ಹೇಳಬೇಕು. ‘ಉಕ್ತಲೇಖನ’ ಅನ್ನೋಣ ಎಂದರೆ ಅದು ಬರೆಯುವುದು, ಇದು ಬಾಯಲ್ಲಿ ಹೇಳುವುದು. ಫ್ಲೆಕ್ಸಿನವರು ‘ಕಾಗುಣಿತದ ಜೇನು’ ಎಂದು ಹಾಕಿ, ಮೂಲೆಯಲ್ಲಿ ಒಂದು ಜೇನುನೊಣವನ್ನೂ ಕೂರಿಸಿದ್ದಾರೆ. ಬೇಗ ಹೇಳಿ.

ಮಂಗಳೂರಿನಿಂದ:
ಮೊದಲು ಆ ನೊಣ ತೆಗೆಸಿ ಮಾರಾಯ್ರೆ. ಅಮೆರಿಕದಲ್ಲಿ ನೆರೆಯವರೆಲ್ಲ ಸೇರಿ ಒಬ್ಬರ ಮನೆಯ ಕೆಲಸ ಮುಗಿಸಿಕೊಡುವುದಕ್ಕೆ ‘ಬೀ’ ಅನ್ನುತ್ತಿದ್ದರು. ಕೌದಿ ಹೊಲಿಯಲು ಒಂದು, ಮೆಕ್ಕೆಜೋಳ ಸುಲಿಯಲು ಒಂದು. ನೆರವು ಎಂಬ ಅರ್ಥದ ಹಳೆಯ ಮಾತಿನಿಂದ ಬಂದಿರಬೇಕು ಎಂದು ನಿಘಂಟಿನವರ ಊಹೆ. ನಾಟಿಗೆ ಮುಯ್ಯಾಳು ಹೋಗುವುದಿಲ್ವಾ, ಅದೇ. ‘ಅಕ್ಷರ ಮುಯ್ಯಿ’ ಎಂದಿಡಿ.

ಕುಂದಾಪುರದಿಂದ:
ಮುಯ್ಯಿ ಎಂದರೆ ಮಕ್ಕಳಿಗೆ ಸೇಡು. ಬೇಡ. ಕಾಗುಣಿತವೂ ಸ್ಪೆಲ್ಲಿಂಗ್ ಅಲ್ಲ. ಕ, ಕಾ, ಕಿ, ಕೀ ಎಂದು ಸ್ವರ ಕೂಡಿಸುವುದಷ್ಟೇ ಅದು, ಒತ್ತಕ್ಷರ ಅದರಲ್ಲಿ ಬರುವುದೇ ಇಲ್ಲ. ಮೇಲಾಗಿ ‘ಗುಣಿತ’ ಸಂಸ್ಕೃತದ್ದು. ಭಾಷಾವಿಜ್ಞಾನಿ ಡಿ. ಎನ್. ಶಂಕರ ಭಟ್ಟರು ಅಕ್ಷರ ಕಡಿಮೆ ಮಾಡಿ ಸೂಚಿಸಿದ ‘ಹೊಸಬರಹ’ದಲ್ಲಿ ಮಹಾಪ್ರಾಣವೂ ಇಲ್ಲ, ಷ ಕೂಡ ಇಲ್ಲ. ಅದನ್ನು ಒಪ್ಪಿದ್ದರೆ ಅರ್ಧ ಸ್ಪರ್ಧೆಯೇ ಬೇಕಿರಲಿಲ್ಲ.

ಮಂಗಳೂರಿನಿಂದ:
ಕೇಳಿದ್ದು ಫ್ಲೆಕ್ಸಿಗೆ ಪದ, ಲಿಪಿ ಸುಧಾರಣೆ ಅಲ್ಲ. ‘ಸೂರ್ಯ’ದ ಒತ್ತು ತಪ್ಪಿದರೂ ಟೀಚರ್ ‘ಕಾಗುಣಿತ ತಪ್ಪು’ ಎಂದೇ ಕೆಂಪು ಗೆರೆ ಎಳೆಯುವುದು. ಬಳಕೆ ಅರ್ಥವನ್ನು ಹಿಗ್ಗಿಸಿ ಎಷ್ಟೋ ಕಾಲವಾಯಿತು. ಪರಭಾಷೆಯದು ಬೇಡ ಎಂದರೆ ಚಾವಿಯನ್ನೂ ಪೋರ್ಚುಗೀಸರಿಗೆ ವಾಪಸ್ ಕೊಟ್ಟುಬಿಡಿ.

ಕುಂದಾಪುರದಿಂದ:
ನಮ್ಮಲ್ಲಿ ಬೀಗದ ಕೈ ಇದೆ.

ಮಂಗಳೂರಿನಿಂದ:
ಬೀಗ ಹಾಕಿಕೊಂಡೇ ಕೂತಿರಿ ಹಾಗಾದರೆ.

ಉಡುಪಿಯಿಂದ:
ಜಗಳ ಸಾಕು. ನಿನ್ನೆ ಪ್ರಾಕ್ಟೀಸಿನಲ್ಲಿ ಹನ್ನೊಂದು ಮಕ್ಕಳಲ್ಲಿ ಒಂಬತ್ತು ಮಂದಿ ‘ಮಧ್ಯಾಹ್ನ’ದಲ್ಲಿ ಬಿದ್ದರು. ಎಲ್ಲರೂ ‘ನಗೆ ಹ ಒತ್ತು’ ಎಂದರು. ತಪ್ಪು ಅವರದ್ದಲ್ಲ, ನಾನೂ ಕ್ಲಾಸಿನಲ್ಲಿ ‘ಮಧ್ಯಾನ್ಹ’ ಎಂದೇ ಹೇಳುವುದು. ಬರೆಯುವಾಗ ಮಾತ್ರ ಹಗೆ ನ ಒತ್ತು. ಈ ಬಿಡಿಸುವ ಆಟಕ್ಕೆ ಒಂದು ಹೆಸರು ಬೇಕಿತ್ತು ಅಷ್ಟೇ. ‘ಅಕ್ಷರ ಬಿಡಿಸು’ ಎಂದು ಕೊಟ್ಟಿದ್ದೇನೆ. ನೊಣ ಉಳಿಯಿತು, ತೆಗೆಯಲು ಮಕ್ಕಳು ಬಿಡಲಿಲ್ಲ.