ಚಂಡಮಾರುತ ದುರ್ಬಲವಾದ ಮೇಲೆ ಕೊಡಗಿಗೆ ಬರುವ ಮಳೆ: ತಜ್ಞರೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಕಾಫಿ ಬೆಳೆಗಾರರು, ಸುಂಟಿಕೊಪ್ಪ): ಸರ್, ನಮಸ್ಕಾರ. ಬಂಗಾಳ ಕೊಲ್ಲಿಯ ಚಂಡಮಾರುತ ತಮಿಳುನಾಡಿನ ತೀರ ದಾಟಿ ದುರ್ಬಲವಾಯಿತು ಅಂತ ಟಿವಿಯಲ್ಲಿ ಹೇಳಿದ ಮೇಲೆಯೇ ನಮ್ಮ ಕಡೆ ಮಳೆ ಹಿಡಿಯುತ್ತದೆ. ಕಣದ ತುಂಬ ಅರೇಬಿಕಾ ಕಾಫಿ ಹರಡಿರುವ ಕಾಲ. ಶಕ್ತಿ ಕಳೆದುಕೊಂಡದ್ದು ಇಷ್ಟು ದೂರ ಬಂದು ಸುರಿಯುವುದು ಹೇಗೆ?

ಉತ್ತರ (ಹವಾಮಾನ ತಜ್ಞರು): ನಮಸ್ಕಾರ. ಹವಾಮಾನ ಇಲಾಖೆ ಇವನ್ನು ವರ್ಗ ಮಾಡುವುದು ಗಾಳಿಯ ವೇಗದಿಂದ. ಗಂಟೆಗೆ 62 ಕಿ.ಮೀ. ಮುಟ್ಟಿದರೆ ಚಂಡಮಾರುತ, 50ರಿಂದ 61 ಇದ್ದರೆ ತೀವ್ರ ವಾಯುಭಾರ ಕುಸಿತ, 31ರಿಂದ 49 ಇದ್ದರೆ ವಾಯುಭಾರ ಕುಸಿತ, ಅದಕ್ಕೂ ಕೆಳಗೆ ಕಡಿಮೆ ಒತ್ತಡ ಪ್ರದೇಶ. ನೆಲ ಹೊಕ್ಕ ಕೂಡಲೇ ಸಮುದ್ರದ ಬಿಸಿ ತೇವ ತಪ್ಪುತ್ತದೆ, ನೆಲದ ತಡೆಯೂ ಸೇರಿ ಗಾಳಿ ಬೇಗ ಇಳಿಯುತ್ತದೆ. ಮೇಲಿನ ಸುಳಿ ಮತ್ತು ಅದು ಹೊತ್ತು ತಂದ ತೇವ ಮಾತ್ರ ಎರಡು ಮೂರು ದಿನ ಉಳಿದಿರುತ್ತದೆ.

ಫೆಂಗಲ್ ಚಂಡಮಾರುತ ತೆಗೆದುಕೊಳ್ಳಿ. 2024ರ ನವೆಂಬರ್ 30ರ ರಾತ್ರಿ ಪುದುಚೇರಿ ಹತ್ತಿರ ತೀರ ದಾಟಿತು. ಆಮೇಲೆ ದುರ್ಬಲವಾಗುತ್ತಲೇ ಒಳನಾಡಿನ ಕೃಷ್ಣಗಿರಿ ಜಿಲ್ಲೆಯ ಊತಂಗರೈಯಲ್ಲಿ ಡಿಸೆಂಬರ್ 2ರ ಬೆಳಗಿನವರೆಗಿನ ಒಂದೇ ದಿನದಲ್ಲಿ ಸುಮಾರು 50 ಸೆಂ.ಮೀ. ಸುರಿಸಿತು. ಡಿಸೆಂಬರ್ 3ರ ಹೊತ್ತಿಗೆ ಅದರ ಅವಶೇಷ ಉತ್ತರ ಕೇರಳ–ಕರ್ನಾಟಕ ಕರಾವಳಿಯಾಚೆ ಅರಬ್ಬಿ ಸಮುದ್ರ ಸೇರಿತ್ತು. 2018ರ ನವೆಂಬರ್ 16ರ ಗಜ ಅದಕ್ಕೆ ವಿರುದ್ಧ. ನಾಗಪಟ್ಟಣ–ವೇದಾರಣ್ಯಂ ನಡುವೆ ಬೆಳಗಿನ ಜಾವ ಹೊಕ್ಕಿತು, ಒಂದು ದಿನದೊಳಗೆ ಕೇರಳ ದಾಟಿ ಅರಬ್ಬಿ ಸಮುದ್ರದಲ್ಲಿತ್ತು. ಗಜದ ಗಾಳಿ ಹೆಚ್ಚು ಹಾನಿ ಮಾಡಿತು, ಫೆಂಗಲ್‌ನ ನಿಧಾನ ನಡಿಗೆ ಹೆಚ್ಚು ಮಳೆ ಸುರಿಸಿತು. ಹಾಗಾಗಿ ನಮ್ಮ ಮಟ್ಟಿಗೆ ಮೊದಲು ಕೇಳಬೇಕಾದ್ದು ಅದು ಗಂಟೆಗೆ ಎಷ್ಟು ಕಿ.ಮೀ. ಸಾಗುತ್ತಿದೆ ಎಂದು.

ಪ್ರಶ್ನೆ (ಕಾಲೇಜು ಉಪನ್ಯಾಸಕಿ, ಮಡಿಕೇರಿ): ಅಮೆರಿಕದ ಹರಿಕೇನ್‌ಗಳ ಅವಶೇಷವೂ ಹೀಗೆಯೇ ಸಾವಿರಾರು ಕಿ.ಮೀ. ಹೋಗುತ್ತದಲ್ಲ ಸರ್, ಎರಡೂ ಒಂದೇ ಬಗೆಯೇ?

ಉತ್ತರ: ಮಳೆ ಹೊತ್ತೊಯ್ಯುವ ಮಟ್ಟಿಗೆ ಒಂದೇ, ಕಾರಣ ಬೇರೆ ಮೇಡಂ. 2021ರ ಆಗಸ್ಟ್ 29ರಂದು ಲೂಯಿಸಿಯಾನಾ ತೀರ ಹೊಕ್ಕ ಇಡಾದ ಅವಶೇಷ ಸೆಪ್ಟೆಂಬರ್ 1ರ ರಾತ್ರಿ ನ್ಯೂಯಾರ್ಕ್‌ನ ಸೆಂಟ್ರಲ್ ಪಾರ್ಕ್‌ನಲ್ಲಿ ಒಂದೇ ಗಂಟೆಯಲ್ಲಿ 80 ಮಿ.ಮೀ. ಸುರಿಸಿತು. ಅಲ್ಲಿ ಉತ್ತರದ ತಂಪು ಗಾಳಿಯ ಅಂಚು ತೇವದ ಗಾಳಿಯನ್ನು ಮೇಲೆತ್ತುತ್ತದೆ. ನಮ್ಮಲ್ಲಿ ಆ ಕೆಲಸ ಮಾಡುವುದು ಪಶ್ಚಿಮ ಘಟ್ಟ. ಜೊತೆಗೆ ಪಶ್ಚಿಮದಲ್ಲಿ ಇನ್ನೊಂದು ಸಮುದ್ರ ಕಾದಿರುವುದರಿಂದ ಸುಳಿಗೆ ಮತ್ತೆ ತೇವ ಸಿಗುತ್ತದೆ.

ಪ್ರಶ್ನೆ (ಸುಂಟಿಕೊಪ್ಪ): ಹಾಗಾದರೆ ನಾವೇ ಅದನ್ನು ಹಿಂಬಾಲಿಸಿ ನೋಡುವುದು ಹೇಗೆ? ಕೊಯ್ಲು ನಿಲ್ಲಿಸಬೇಕೋ ಬೇಡವೋ ಅಂತ ಎರಡು ದಿನ ಮೊದಲೇ ಗೊತ್ತಾಗಬೇಕು.

ಉತ್ತರ: ಸಮುದ್ರದಲ್ಲಿ ಇರುವಾಗ ಸುಲಭ. ಇಲಾಖೆಯ ಚಂಡಮಾರುತ ಪ್ರಕಟಣೆಯಲ್ಲಿ ಕೇಂದ್ರದ ಅಕ್ಷಾಂಶ–ರೇಖಾಂಶ ಕೊಟ್ಟಿರುತ್ತಾರೆ. ಮಡಿಕೇರಿ 12.4 ಉತ್ತರ, 75.7 ಪೂರ್ವ ಎಂದು ಬರೆದಿಟ್ಟುಕೊಳ್ಳಿ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ರೇಖಾಂಶ ಎಂದರೆ ಸುಮಾರು 108 ಕಿ.ಮೀ. ಪುದುಚೇರಿ 79.8ರಲ್ಲಿದೆ, ಅಂದರೆ ಅಲ್ಲಿಂದ ನಮಗೆ ಸುಮಾರು 440 ಕಿ.ಮೀ. ಗಂಟೆಗೆ 15 ಕಿ.ಮೀ. ಸಾಗಿದರೆ ಕೇಂದ್ರ ನಮ್ಮ ರೇಖಾಂಶಕ್ಕೆ ಬರಲು ಮೂವತ್ತು ಗಂಟೆ, 8 ಕಿ.ಮೀ. ಆದರೆ ಎರಡು ದಿನಕ್ಕೂ ಹೆಚ್ಚು. ಮಳೆಯ ಮೋಡ ಕೇಂದ್ರಕ್ಕಿಂತ ಅರ್ಧ ದಿನ ಮುಂಚೆಯೇ ಬರಬಹುದು ಎಂದಿಟ್ಟುಕೊಂಡು ಲೆಕ್ಕ ಹಾಕಿ.

ಕಷ್ಟ ಆಮೇಲಿನದು. ಚಂಡಮಾರುತ ಕಡಿಮೆ ಒತ್ತಡ ಪ್ರದೇಶಕ್ಕೆ ಇಳಿದ ಮೇಲೆ ಚಂಡಮಾರುತದ ಪ್ರಕಟಣೆ ನಿಲ್ಲುತ್ತದೆ, ಟಿವಿಯವರೂ ಬಿಡುತ್ತಾರೆ. ನಮಗೆ ಬೇಕಾದ ಹಂತ ಶುರುವಾಗುವುದೇ ಆಗ. ಅಂದಿನಿಂದ ದೈನಂದಿನ ಅಖಿಲ ಭಾರತ ಪ್ರಕಟಣೆ ಮತ್ತು ಬೆಂಗಳೂರು ಹವಾಮಾನ ಕೇಂದ್ರದ ಮುನ್ಸೂಚನೆ ಓದಿ. ಅದರಲ್ಲಿ ಸುಳಿಗಾಳಿ ಸಮುದ್ರ ಮಟ್ಟದಿಂದ ಎಷ್ಟು ಎತ್ತರದವರೆಗೆ ಹರಡಿದೆ ಎಂಬ ಸಾಲು ಇರುತ್ತದೆ. 5.8 ಕಿ.ಮೀ.ವರೆಗೆ ಎಂದಿದ್ದರೆ ಸುಳಿ ಇನ್ನೂ ಗಟ್ಟಿ, ಮಳೆ ಬಾಕಿ ಇದೆ. 1.5 ಕಿ.ಮೀ. ಎಂದಿದ್ದರೆ ತೆಳುವಾಗಿದೆ. ಎತ್ತರ ಹೋದಂತೆ ನೈರುತ್ಯಕ್ಕೆ ವಾಲಿದೆ ಎಂದು ಬರೆದಿದ್ದರೆ ಮೇಲಿನ ಮೋಡದ ರಾಶಿ ಕೆಳಗಿನ ಕೇಂದ್ರದ ಮೇಲಿಲ್ಲ, ಬದಿಗೆ ಸರಿದಿದೆ ಎಂದರ್ಥ. ಆಗ ಉಪಗ್ರಹ ಚಿತ್ರದ ಬಿಳಿ ಗುಡ್ಡೆಯನ್ನೇ ಕೇಂದ್ರ ಎಂದುಕೊಂಡರೆ ದಾರಿಯ ಲೆಕ್ಕ ತಪ್ಪುತ್ತದೆ.

ಸುಳಿಯ ಕೇಂದ್ರ ಹುಡುಕಲು ಗಾಳಿಯ ನಕ್ಷೆ ತೋರಿಸುವ ವಿಂಡಿಯಂಥ ಆಪ್‌ನಲ್ಲಿ ಗಾಳಿಯನ್ನು 850 ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಮಟ್ಟಕ್ಕೆ ಇಟ್ಟು ನೋಡಿ. ಅದು ಸುಮಾರು 1.5 ಕಿ.ಮೀ. ಎತ್ತರ. ಮಡಿಕೇರಿಯೇ ಸುಮಾರು 1,170 ಮೀಟರ್ ಎತ್ತರದಲ್ಲಿರುವುದರಿಂದ ಅದು ನಮ್ಮ ತಲೆಯ ಸ್ವಲ್ಪವೇ ಮೇಲಿನ ಗಾಳಿ. 925 ಮಟ್ಟ ನೋಡಬೇಡಿ, ನಮ್ಮಲ್ಲಿ ಬಹುಪಾಲು ಕಡೆ ಅದು ಬೆಟ್ಟದೊಳಗೇ ಬೀಳುತ್ತದೆ.

ಪ್ರಶ್ನೆ (ಬೆಳೆಗಾರರು, ನಾಪೋಕ್ಲು): ಒಂದೇ ಸುಳಿಯಲ್ಲಿ ಕುಶಾಲನಗರಕ್ಕೆ ಜೋರು ಮಳೆ, ನಮಗೆ ಬರೀ ಮೋಡ. ಇನ್ನೊಂದು ಸಲ ಉಲ್ಟಾ. ಇದಕ್ಕೆ ಲೆಕ್ಕ ಇದೆಯೇ?

ಉತ್ತರ: ಇದೆ, ಮತ್ತು ಈ ಇಡೀ ವಿಷಯದಲ್ಲಿ ನಿಮಗೆ ಹೆಚ್ಚು ಉಪಯೋಗ ಬೀಳುವುದು ಇದೇ. ಸುಳಿ ಅಪ್ರದಕ್ಷಿಣವಾಗಿ ತಿರುಗುತ್ತದೆ. ಕೇಂದ್ರ ನಮ್ಮ ಪೂರ್ವಕ್ಕಿರುವಾಗ ನಮಗೆ ಬಡಗಣ ಅಥವಾ ಈಶಾನ್ಯ ದಿಕ್ಕಿನಿಂದ ಬರುವ ಗಾಳಿ.

ಅದು ಕೊಯಮತ್ತೂರು–ಪಾಲಕ್ಕಾಡ್ ದಾರಿ ಹಿಡಿದು ನಮ್ಮ ದಕ್ಷಿಣಕ್ಕೆ ದಾಟಿದರೆ ಗಾಳಿ ಈಶಾನ್ಯದಿಂದ ಪೂರ್ವಕ್ಕೆ, ಆಮೇಲೆ ಆಗ್ನೇಯಕ್ಕೆ ತಿರುಗುತ್ತದೆ. ತೇವದ ಗಾಳಿ ಮೈಸೂರು ಕಡೆಯಿಂದ ಏರಿ ಬರುತ್ತದೆ. ಕುಶಾಲನಗರ, ಶನಿವಾರಸಂತೆ, ಪೊನ್ನಂಪೇಟೆ, ಕುಟ್ಟ ಕಡೆಗೆ ಅವರ ರೂಢಿಗಿಂತ ಹೆಚ್ಚು ಮಳೆ, ಭಾಗಮಂಡಲ–ನಾಪೋಕ್ಲು ಬೆಟ್ಟದ ಮರೆಯಲ್ಲಿ ಉಳಿದು ಮೋಡವೇ ಹೆಚ್ಚು. ಬೆಂಗಳೂರು–ಹಾಸನ ದಾರಿಯಲ್ಲಿ ನಮ್ಮ ಉತ್ತರಕ್ಕೆ ದಾಟಿದರೆ ಗಾಳಿ ವಾಯವ್ಯದಿಂದ ಪಶ್ಚಿಮಕ್ಕೆ ತಿರುಗುತ್ತದೆ. ಅರಬ್ಬಿ ಸಮುದ್ರದ ಗಾಳಿ ನೇರ ಘಟ್ಟಕ್ಕೆ ಬಡಿಯುವುದರಿಂದ ಮಾಕುಟ್ಟ, ಭಾಗಮಂಡಲ, ಗಾಳಿಬೀಡು ಮುಂಗಾರಿನ ಹಾಗೆ ನೆನೆಯುತ್ತವೆ.

ಮೂರನೆಯದು ಕಾಡುವಂಥದ್ದು. ಕೇಂದ್ರ ಸಮುದ್ರಕ್ಕೆ ಇಳಿದು ಕಾಸರಗೋಡು–ಮಂಗಳೂರು ಎದುರಿಗೆ ನಿಧಾನವಾಗಿಬಿಟ್ಟರೆ ದಕ್ಷಿಣ, ನೈರುತ್ಯದಿಂದ ತೇವ ಸುತ್ತಿ ಬರುತ್ತಲೇ ಇರುತ್ತದೆ. ಮುಗಿಯಿತು ಎಂದುಕೊಂಡ ಮಳೆ ಇನ್ನೊಂದು ಎರಡು ದಿನ ಎಳೆಯುವುದು ಹೀಗೆ. 850ರ ಗಾಳಿ ಮತ್ತೆ ಈಶಾನ್ಯಕ್ಕೆ ನಿಂತು, 700 ಮಟ್ಟದಲ್ಲಿ, ಅಂದರೆ 3 ಕಿ.ಮೀ. ಎತ್ತರದಲ್ಲಿ, ಆರ್ದ್ರತೆ ಶೇ. 50ರ ಕೆಳಗೆ ಇಳಿದರೆ ಬಿಸಿಲು ನಂಬಬಹುದು.

ಆಪ್ ಇಲ್ಲದಿದ್ದರೂ ನೋಡಬಹುದು. ಗಾಳಿಗೆ ಬೆನ್ನು ಕೊಟ್ಟು ನಿಂತರೆ ಕಡಿಮೆ ಒತ್ತಡ ಎಡಗೈ ಕಡೆ ಇರುತ್ತದೆ. ತೋಟದ ಕೊಲ್ಲಿಯ ಗಾಳಿ ಬೆಟ್ಟದ ಸಂದಿಯಲ್ಲಿ ದಿಕ್ಕು ತಪ್ಪಿರುತ್ತದೆ, ಹಾಗಾಗಿ ಕೆಳಮೋಡ ಓಡುವ ದಿಕ್ಕನ್ನೇ ಗಾಳಿ ಎಂದುಕೊಳ್ಳಿ.

ಪ್ರಶ್ನೆ (ಸೋಮವಾರಪೇಟೆ): ಫೋನಿನ ಒತ್ತಡಮಾಪಕ ಮಧ್ಯಾಹ್ನ 3 ಅಂಕ ಇಳಿಯಿತು. ಹತ್ತಿರ ಬಂತು ಅಂತಲೇ?

ಉತ್ತರ: ಅಲ್ಲ. ನಮ್ಮ ಅಕ್ಷಾಂಶದಲ್ಲಿ ಒತ್ತಡ ದಿನಾ ಬೆಳಿಗ್ಗೆ ಮತ್ತು ರಾತ್ರಿ ಹತ್ತರ ಹೊತ್ತಿಗೆ ಏರಿ, ನಾಲ್ಕು ಗಂಟೆಯ ಹೊತ್ತಿಗೆ ಇಳಿಯುತ್ತದೆ. ಮೂರು ಅಂಕದ ಏರಿಳಿತ ಸಹಜ. ಇಂದಿನ ನಾಲ್ಕು ಗಂಟೆಯ ಅಂಕವನ್ನು ನಿನ್ನೆಯ ನಾಲ್ಕು ಗಂಟೆಯದಕ್ಕೆ ಹೋಲಿಸಿ. ಎರಡು ದಿನ ಸತತ ಇಳಿದರೆ ಆಗ ಅರ್ಥ ಇದೆ. ಫೋನನ್ನು ಒಂದೇ ಜಾಗದಲ್ಲಿಟ್ಟು ನೋಡಿ, ಒಂಬತ್ತು ಹತ್ತು ಮೀಟರ್ ಏರು ಹತ್ತಿದರೂ ಒಂದು ಅಂಕ ಬದಲಾಗುತ್ತದೆ.

ಪ್ರಶ್ನೆ (ನಾಪೋಕ್ಲು): ಕೊಚ್ಚಿ ರಾಡಾರ್ ಚಿತ್ರದಲ್ಲಿ ಕೊಡಗು ಖಾಲಿ ಕಾಣುತ್ತದೆ, ಹೊರಗೆ ಜಿಟಿಜಿಟಿ ಹಿಡಿದಿರುತ್ತದೆ. ಯಾಕೆ?

ಉತ್ತರ: ರಾಡಾರ್ ಕಿರಣ ನೇರ ಹೋಗುತ್ತದೆ, ಭೂಮಿ ಬಾಗುತ್ತದೆ. 250 ಕಿ.ಮೀ. ದೂರದಲ್ಲಿ ಕೆಳಗಿನ ಕಿರಣವೂ ಐದಾರು ಕಿ.ಮೀ. ಎತ್ತರದಲ್ಲಿರುತ್ತದೆ. ಕೊಚ್ಚಿ ರಾಡಾರ್‌ಗೆ ಮಡಿಕೇರಿ ಅದಕ್ಕಿಂತಲೂ ದೂರ. ನಮ್ಮ ಜಿಟಿಜಿಟಿ ಮಳೆ ಎರಡು ಮೂರು ಕಿ.ಮೀ. ಒಳಗಿನ ಮೋಡದ್ದು. ಇನ್ಸಾಟ್ ಉಪಗ್ರಹದ ಅತಿಗೆಂಪು ಚಿತ್ರದಲ್ಲೂ ಅದು ಮಂಕು ಬೂದು, ಏಕೆಂದರೆ ಅಲ್ಲಿ ಬಿಳಿ ಕಾಣುವುದು ಎತ್ತರದ ತಣ್ಣನೆಯ ಮೋಡ. ಹಗಲಲ್ಲಿ ಸಾಮಾನ್ಯ ಬೆಳಕಿನ ಚಿತ್ರ ನೋಡಿ. ಬಿದ್ದ ಮಳೆ ಎಷ್ಟು ಎಂಬುದಕ್ಕೆ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳೇ ಉತ್ತಮ.

ಪ್ರಶ್ನೆ (ಸಿದ್ದಾಪುರ): ಮಳೆಯ ಎಚ್ಚರಿಕೆ ಹಳದಿ, ಕಿತ್ತಳೆ ಅಂತ ಹೇಳುತ್ತಾರೆ. ನಾವು ಇಂಚು–ಸೆಂಟ್‌ನಲ್ಲಿ ಅಳೆಯುವವರು. ಎಷ್ಟಕ್ಕೆ ಎಷ್ಟು?

ಉತ್ತರ: 100 ಸೆಂಟ್ ಒಂದು ಇಂಚು, ಅಂದರೆ 25.4 ಮಿ.ಮೀ. ಇಲಾಖೆಯ ಭಾರೀ ಮಳೆ 64.5 ಮಿ.ಮೀ.ಗೆ ಶುರು, ಅದು 2 ಇಂಚು 54 ಸೆಂಟ್. ಅತಿ ಭಾರೀ ಮಳೆ 115.6ಕ್ಕೆ, 4 ಇಂಚು 55 ಸೆಂಟ್. ಅತ್ಯಂತ ಭಾರೀ ಮಳೆ 204.5ಕ್ಕೆ, 8 ಇಂಚು 5 ಸೆಂಟ್. ಸಾಮಾನ್ಯವಾಗಿ ಹಳದಿ, ಕಿತ್ತಳೆ, ಕೆಂಪು ಇದೇ ಕ್ರಮದಲ್ಲಿ ಬರುತ್ತವೆ. ಅಳತೆ ಬೆಳಿಗ್ಗೆ 8.30ಕ್ಕೆ ತೆಗೆಯಿರಿ, ಇಲಾಖೆಯ ದಿನವೂ 8.30ರಿಂದ 8.30. ಮಾಪಕ ಸಿಲ್ವರ್ ಓಕ್ ಮರದಡಿ ಬೇಡ. ಹತ್ತಿರದ ಮರ ಎಷ್ಟು ಎತ್ತರವೋ ಅದರ ಎರಡು ಪಟ್ಟಾದರೂ ದೂರ ಇಡಿ.

ಪ್ರಶ್ನೆ (ಸುಂಟಿಕೊಪ್ಪ): ಕಣದ ವಿಷಯಕ್ಕೆ ಬರೋಣ. ಎರಡು ದಿನ ಮುಂಚೆ ಗೊತ್ತಾಯಿತು ಅಂತಿಟ್ಟುಕೊಳ್ಳಿ, ಏನು ಮಾಡಬೇಕು?

ಉತ್ತರ (ಕಾಫಿ ಸಂಸ್ಕರಣೆ ತಜ್ಞರು): ಇದಕ್ಕೆ ನಾನು ಹೇಳುತ್ತೇನೆ. ಪೂರ್ತಿ ಹಣ್ಣಾದ ಅರೇಬಿಕಾ ಮಳೆಗೆ ಒಡೆದು ಉದುರುತ್ತದೆ, ಅದನ್ನು ಮೊದಲು ಕೊಯ್ಯಿರಿ. ಆದರೆ ಆ ದಿನವೇ ಪಲ್ಪರ್‌ಗೆ (ಹಣ್ಣಿನ ಸಿಪ್ಪೆ ತೆಗೆಯುವ ಯಂತ್ರ) ಹಾಕಿ, ಮಾಡಿನಡಿ ಹರಡಲು ಜಾಗ ಇರುವಷ್ಟು ಮಾತ್ರ. ಚೀಲದಲ್ಲೋ ರಾಶಿಯಲ್ಲೋ ರಾತ್ರಿ ಉಳಿದ ಹಣ್ಣು ಬಿಸಿಯಾಗಿ ಹುಳಿಯುತ್ತದೆ, ಆ ವಾಸನೆ ಆಮೇಲೆ ಹೋಗುವುದಿಲ್ಲ. ತೊಳೆದ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದ ಬೀಜ) ಹರಡಲು ಜಾಗವೇ ಇಲ್ಲದಿದ್ದರೆ ಶುದ್ಧ ನೀರಿನ ತೊಟ್ಟಿಯಲ್ಲಿ ಮುಳುಗಿಸಿ, ನೀರು ಬದಲಿಸುತ್ತ ಒಂದು ದಿನ ಕಾಯಬಹುದು.

ಕಣದಲ್ಲಿ ಇರುವುದರಲ್ಲಿ ಮುಕ್ಕಾಲು ಒಣಗಿದ್ದಕ್ಕೆ ಮೊದಲ ಜಾಗ ಕೊಡಿ. ಅದು ಮತ್ತೆ ತೇವ ಎಳೆದರೆ ಬೂಸ್ಟು ಹಿಡಿದು ಬಣ್ಣ ಕೆಡುತ್ತದೆ. ಟಾರ್ಪಾಲ್ ನೇರ ಕಾಫಿಯ ಮೇಲೆ ಹಾಸಿದರೆ ಒಳಗೆ ಬೆವರಿ ಹನಿ ಬೀಳುತ್ತದೆ. ಬಿದಿರು ಅಡ್ಡ ಕೊಟ್ಟು ಒಂದಡಿ ಎತ್ತರಿಸಿ, ಎರಡೂ ತುದಿ ಗಾಳಿಗೆ ಬಿಡಿ, ಮಳೆ ನಿಂತ ಕೂಡಲೇ ತೆಗೆದು ಕೈಯಾಡಿಸಿ. ಚೆರ್ರಿಯಾದರೆ (ಸಿಪ್ಪೆ ಸಮೇತ ಒಣಗಿಸುವ ಹಣ್ಣು) ಎಂಟು ಸೆಂ.ಮೀ.ಗಿಂತ ದಪ್ಪ ಬೇಡ. ಮಳೆ ಬರದೆ ಮೋಡ ಮಾತ್ರ ಕವಿದ ದಿನವೂ ಒಣಗುವುದಿಲ್ಲ ಎಂಬುದನ್ನು ಲೆಕ್ಕಕ್ಕೆ ಸೇರಿಸಿ. ಚೀಲ ಕಟ್ಟುವ ಮೊದಲು ಮೀಟರ್‌ನಲ್ಲಿ ನೋಡಿ: ಪಾರ್ಚ್‌ಮೆಂಟ್ ಶೇ. 10, ಅರೇಬಿಕಾ ಚೆರ್ರಿ 12, ರೋಬಸ್ಟಾ ಚೆರ್ರಿ 11. ಗದ್ದೆ ಕೊಯ್ದು ಹರಡಿದ್ದರೆ ಕಂತೆ ಕಟ್ಟಿ ಮೆದೆ ಹಾಕಿಬಿಡಿ.

ಪ್ರಶ್ನೆ (ಅಮ್ಮತ್ತಿ): ಈ ಮಳೆಗೆ ರೋಬಸ್ಟಾ ಅಕಾಲದಲ್ಲಿ ಹೂ ಬಿಟ್ಟರೆ?

ಉತ್ತರ (ಕಾಫಿ ಸಂಸ್ಕರಣೆ ತಜ್ಞರು): ಬಲಿತ ಮೊಗ್ಗು ಮಾತ್ರ ಅರಳುತ್ತದೆ, ಉಳಿದದ್ದು ಫೆಬ್ರವರಿ–ಮಾರ್ಚ್ ಮಳೆಗೆ. ಹೂವಿದ್ದ ರೆಕ್ಕೆಯಲ್ಲಿ (ಕೊಂಬೆಯಲ್ಲಿ) ಒಂದು ವಾರ ಕೊಯ್ಲು ಬೇಡ, ಕೈ ತಾಗಿ ಉದುರುತ್ತದೆ.

ಪ್ರಶ್ನೆ (ಗಾಳಿಬೀಡು): 2018ರ ನಂತರ ಮಳೆ ಅಂದರೆ ಬರೆ (ಕಡಿದಾದ ಮಣ್ಣಿನ ಇಳಿಜಾರು) ಕುಸಿಯುವ ಭಯ. ಡಿಸೆಂಬರ್ ಮಳೆಗೂ ಭಯ ಪಡಬೇಕೇ?

ಉತ್ತರ (ಹವಾಮಾನ ತಜ್ಞರು): 2018ರ ಆಗಸ್ಟ್‌ನಲ್ಲಿ ವಾರಗಟ್ಟಲೆ ಮಳೆ ಕುಡಿದ ಮಣ್ಣಿನ ಮೇಲೆ ಮತ್ತೆ ಸುರಿದಿತ್ತು. ಡಿಸೆಂಬರ್ ಮಣ್ಣು ಅಷ್ಟು ತುಂಬಿರುವುದಿಲ್ಲ, ಅಪಾಯ ಕಡಿಮೆ. ಆದರೆ ನವೆಂಬರ್ ಪೂರ್ತಿ ಹಿಂಗಾರು ಬಿದ್ದಿದ್ದು, ಪಶ್ಚಿಮದ ಗಾಳಿಯಲ್ಲಿ ಎರಡು ದಿನ ನಾಲ್ಕು ನಾಲ್ಕು ಇಂಚು ಬಂದರೆ, ರಸ್ತೆಗೋ ಮನೆಗೋ ಕಡಿದ ಬರೆಯ ಕೆಳಗೆ ರಾತ್ರಿ ಮಲಗಬೇಡಿ. ಮೇಲಿನ ನೆಲದಲ್ಲಿ ಹೊಸ ಬಿರುಕು, ಒರತೆಯ ನೀರು ಇದ್ದಕ್ಕಿದ್ದಂತೆ ಕೆಸರಾಗುವುದು, ಹರಿಯುತ್ತಿದ್ದದ್ದು ನಿಂತುಬಿಡುವುದು, ಮರ ವಾಲುವುದು ಕಂಡರೆ ಮಳೆ ನಿಂತಿದ್ದರೂ ಜಾಗ ಖಾಲಿ ಮಾಡಿ, ಜಿಲ್ಲಾಡಳಿತದ 1077ಕ್ಕೆ ಕರೆ ಮಾಡಿ. ಈಗಲೇ, ಬಿಸಿಲಿರುವಾಗ, ಬರೆಯ ಮೇಲಿನ ಚರಂಡಿಯ ಸೊಪ್ಪು–ಮಣ್ಣು ತೆಗೆಸಿಟ್ಟುಕೊಳ್ಳಿ.